ಕೃಷ್ಣೆಯ ಹಿನ್ನೀರಿನಲ್ಲಿ ಹರಿಗೋಲಿನ ವಿಹಾರ

ಜಲವಿಹಾರವೆಂದೊಡನೆ ನಮ್ಮವರಿಗೆ ಕಾಶ್ಮೀರದ ದಾಲ್ ಸರೋವರವೋ ಕೇರಳದ ಹಿನ್ನೀರೋ ನೆನಪಿಗೆ ಬರುವದು ಸಹಜವೇ ಆಗಿದೆ. ಕೇರಳದ ಕೆಟ್ಟುವಳ್ಳಗಳೆಂಬ ಹಳೆಯ ಮರದ ದೋಣಿಗಳು ನೋಡತಕ್ಕವೇ ಸರಿ. ಒಂದು ಮೊಳೆಯನ್ನೂ ಹೊಡೆಯದೆ, ಹಲಗೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಅವು, ಹಿಂದೆ ಭತ್ತವನ್ನೂ ಸಂಬಾರ ಪದಾರ್ಥಗಳನ್ನೂ ಹೊತ್ತು ತಿರುಗುತ್ತಿದ್ದವು. ಈಗ ತಡಿಕೆಯ ಮಾಡು ಹೊದ್ದು ಪ್ರವಾಸಿಗಳ ತೇಲುಮನೆಗಳಾಗಿವೆ. ಕಾಸರಗೋಡು ಜಿಲ್ಲೆಯ ವಲಿಯಪರಂಬದ ಹಿನ್ನೀರಿನಲ್ಲಿಯೂ ಅವುಗಳ ಸಂಚಾರವುಂಟು. ಆದರೆ ಬಿಸಿಲಿಗೆ ಹೆಸರಾದ ನಮ್ಮ ರಾಯಚೂರ ಸೀಮೆಯಲ್ಲಿ ಅಂಥದೊಂದು ವಿಹಾರವುಂಟೆಂದರೆ ನಂಬುವವರು ಕಡಿಮೆ. ಚಂದ್ರಬಂಡದಲ್ಲಿರುವ ನಮ್ಮ ಬೀಗರು ಮೊದಲ ಸಲ ಈ ಮಾತನ್ನೆತ್ತಿದಾಗ ನಮ್ಮ ಮನೆಯ ಹುಡುಗರು ನಕ್ಕರು. ಕಪ್ಪುನೆಲ, ಹತ್ತಿಯ ಹೊಲ, ಸುಟ್ಟ ಹಾಗೆ ತೋರುವ ಗುಂಡುಬಂಡೆ, ಇವುಗಳ ನಡುವೆ ದೋಣಿಯೆಲ್ಲಿಯದು ಎಂಬುದು ಅವರ ನಗುವಿನ ಅರ್ಥ.

ಈ ನಾಡಿನ ಹಳೆಯ ಹೆಸರು ಎಡೆದೊರೆ. ಕೃಷ್ಣಾ ತುಂಗಭದ್ರೆಗಳೆಂಬ ಎರಡು ತೊರೆಗಳ ಎಡೆಯಲ್ಲಿರುವದೆಂದು ಶಾಸನಗಳು ಇದನ್ನು ಹಾಗೆ ಕರೆದಿವೆ. ಎರಡು ಮಹಾನದಿಗಳು ಬಳಸಿ ಹರಿಯುವ ನಾಡಿನಲ್ಲಿ ನೀರನ್ನು ದಾಟುವ ಸಾಧನವಿಲ್ಲದೆ ಬಾಳು ಸಾಗುವದೆಂತು? ಆ ಸಾಧನವೇ ಹರಿಗೋಲು. ಈ ಕಡೆಯ ಜನರು ಅದನ್ನು ತೆಪ್ಪವೆಂದೂ, ಆಚೆಯ ದಡದ ತೆಲುಗರು ಪುಟ್ಟಿಯೆಂದೂ ಕರೆಯುವರು. ಪುಟ್ಟಿಯೆಂಬ ಹೆಸರು ಅದಕ್ಕೆ ಒಪ್ಪುವದು. ನೋಡಲು ಅದು ಒಂದು ದೊಡ್ಡ ಬುಟ್ಟಿಯೇ. ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಹಾಸಿ ಹೆಣೆದು, ಅಂಚನ್ನು ದಪ್ಪನಾಗಿ ಬಿಗಿದು, ತಳವನ್ನು ಬಾಣಲೆಯಂತೆ ಮಾಡುವರು. ಅದರ ಹೊರಮೈಗೆ ಪೂರ್ವದಲ್ಲಿ ಎತ್ತಿನ ಅಥವಾ ಎಮ್ಮೆಯ ತೊಗಲನ್ನು ಹೊಲಿದು ಹೊದಿಸುತ್ತಿದ್ದರು. ನೀರಿನಲ್ಲಿ ನೆನೆದ ತೊಗಲು ಕೊಳೆಯದಿರಲೆಂದು ದಿನಾಲು ಸಂಜೆಗೆ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿ ಒಣಗಿಸಬೇಕಾಗುತ್ತಿತ್ತು. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಚೀಲದ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಹಳೆಯದನ್ನೇ ಹಂಬಲಿಸುವ ಕೆಲವರು ಇದರಿಂದ ಹರಿಗೋಲಿನ ಚೆಲುವು ಕೆಟ್ಟಿತೆನ್ನುವರು. ನಮಗೆ ಹಾಗೆ ತೋರುವದಿಲ್ಲ. ತಳ ಸೋರದಿರುವದೇ ದೋಣಿಯ ಮೊದಲನೆಯ ಚೆಲುವು. ಬೋರಲು ಹಾಕುವ ವಾಡಿಕೆ ಮಾತ್ರ ಇನ್ನೂ ನಿಂತಿಲ್ಲ. ದಡದ ಮೇಲೆ ಸಾಲಾಗಿ ಕವಿಚಿಟ್ಟ ಹರಿಗೋಲುಗಳನ್ನು ದೂರದಿಂದ ಕಂಡರೆ ಆಮೆಗಳ ಹಿಂಡು ಬಿಸಿಲು ಕಾಯುತ್ತಿದೆಯೋ ಎನಿಸುವದು.

ಇಷ್ಟು ಸರಳವಾದ ಈ ವಾಹನದ ವಂಶಾವಳಿ ಬಲು ದೊಡ್ಡದು. ಯೇಸುಕ್ರಿಸ್ತನಿಗಿಂತ ನಾಲ್ಕುನೂರು ವರುಷಗಳಿಗೂ ಹಿಂದೆ ಇದ್ದ ಗ್ರೀಕರ ಇತಿಹಾಸಕಾರ ಹೆರೊಡೋಟಸನು, ಬಾಬಿಲೋನ್ ಪಟ್ಟಣಕ್ಕೆ ನದಿಯಲ್ಲಿ ತೇಲಿಬರುತ್ತಿದ್ದ ತೊಗಲು ಹೊದಿಸಿದ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಸರಕಿನ ಜತೆಗೆ ಒಂದೊಂದು ದೋಣಿಯಲ್ಲಿಯೂ ಒಂದು ಕತ್ತೆ ಇರುತ್ತಿತ್ತಂತೆ. ಪಟ್ಟಣದಲ್ಲಿ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ವ್ಯಾಪಾರಿಗಳು ನೆಲದ ಹಾದಿಯಿಂದ ಊರಿಗೆ ಮರಳುತ್ತಿದ್ದರು. ನದಿಯ ವೇಗಕ್ಕೆ ಎದುರಾಗಿ ಅಂಥ ದೋಣಿಯನ್ನು ನಡೆಯಿಸುವದು ಆಗದ ಮಾತು. ಅದೇ ಸೀಮೆಯ ಇನ್ನೂ ಹಳೆಯದಾದ ಒಂದು ಮಣ್ಣಿನ ಹಲಗೆಯ ಬರಹವನ್ನು ಬ್ರಿಟಿಷ್ ಮ್ಯೂಜಿಯಮ್ಮಿನ ಇರ್ವಿಂಗ್ ಫಿಂಕೆಲ್ ಎಂಬ ಪಂಡಿತರು 2014ರಲ್ಲಿ ಪ್ರಕಟಿಸಿದರು. ಜಲಪ್ರಳಯದ ಕಾಲಕ್ಕೆ ಪ್ರಾಣಿಗಳನ್ನು ಉಳಿಸಿದ ನಾವೆಯು ಹಗ್ಗದಿಂದ ಸುತ್ತಿ ಕಟ್ಟಿ ಡಾಂಬರಿನಂಥ ಕಲ್ಲರಗನ್ನು ಬಳಿದ ದೊಡ್ಡದೊಂದು ದುಂಡು ಹರಿಗೋಲೇ ಆಗಿತ್ತೆಂದು ಆ ಬರಹ ಹೇಳುವದು! ಅದರ ಚಿಕ್ಕ ಮಾದರಿಯೊಂದನ್ನು ಕೇರಳದಲ್ಲಿ ಕಟ್ಟಿ ನೀರಿಗಿಳಿಸಿದರು. ಅದು ತೇಲಿತೇನೋ ನಿಜ, ಆದರೆ ಒಳಗೆ ಜಿನುಗಿದ ನೀರನ್ನು ಯಂತ್ರದಿಂದ ಹೊರಚೆಲ್ಲಬೇಕಾಯಿತು. ನಮ್ಮ ಅಂಬಿಗರನ್ನು ಕರೆಯಿಸಿದ್ದರೆ ಆ ಪ್ರಸಂಗ ಬರುತ್ತಿರಲಿಲ್ಲವೆಂದು ನಮ್ಮ ಬೀಗರ ಅಭಿಪ್ರಾಯ.

ನಮ್ಮ ನಾಡಿನ ಸಾಕ್ಷಿಯೂ ಕಡಿಮೆಯದಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸನು, ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ ಬುಟ್ಟಿಯಂಥ ದೋಣಿಗಳನ್ನು ವಿಸ್ಮಯದಿಂದ ನೋಡಿ ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಮಂದಿ ಹಿಡಿಯುತ್ತಿದ್ದರೆಂದೂ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದಿತ್ತೆಂದೂ, ಅವು ಯಾವಾಗಲೂ ತಿರುಗುತ್ತಲೇ ಸಾಗುತ್ತಿದ್ದವೆಂದೂ ಅವನು ಹೇಳುತ್ತಾನೆ. 1520ರ ರಾಯಚೂರ ಕಾಳಗದಲ್ಲಿ ಸೋತ ಬಿಜಾಪುರದ ಸೇನೆ ಹಿಮ್ಮೆಟ್ಟಿದ್ದೂ ಇದೇ ಕೃಷ್ಣೆಯ ಕಡೆಗೆ. ದಾಟಲಾಗದೆ ನೀರಿನಲ್ಲಿ ಮುಳುಗಿದವರು ಬಹುಮಂದಿ. 1803ರ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ದಖ್ಖಣದ ನದಿಗಳನ್ನು ದಾಟಲು ಬುಟ್ಟಿದೋಣಿಗಳನ್ನೇ ಆಶ್ರಯಿಸಿದ್ದನು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನವರು ತಮ್ಮ ಕಾಯಕವನ್ನೇ ಹೆಸರಿನಲ್ಲಿ ಹೊತ್ತವರೆಂಬುದು ವಾಚಕರಿಗೆ ತಿಳಿದ ಸಂಗತಿ.

ಇನ್ನು ವಿಹಾರದ ಮಾತು. ರಾಯಚೂರ ತಾಲೂಕಿನ ಆತ್ಕೂರಿನಿಂದ ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಯಾತ್ರಿಕರು ನೀರಿನ ಮೇಲೆಯೇ ಹೋಗುವರು. ಇದು ದತ್ತಸಂಪ್ರದಾಯದವರಿಗೆ ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ನದಿಯ ಕೆಳಭಾಗದಲ್ಲಿ, ಗದ್ವಾಲದ ಕಡೆ, ಜುರಾಲದ ಅಣೆಕಟ್ಟು ಆದ ಮೇಲೆ ಹಿನ್ನೀರು ಈ ಪಾತ್ರದಲ್ಲಿ ಹರಡಿಕೊಂಡಿದೆ. ಆದುದರಿಂದ ಹಿಂದೆ ಬಂಡೆಗಳ ನಡುವೆ ಸೀಳಿ ಹರಿಯುತ್ತಿದ್ದ ಹೊಳೆಯು ಮಾಗಿಯ ದಿನಗಳಲ್ಲಿ ದೊಡ್ಡ ಕೆರೆಯಂತೆ ನಿಶ್ಚಲವಾಗಿ ತೋರುವದು.

ನಾವು ಮಾಘಮಾಸದ ಒಂದು ಮುಂಜಾವಿನಲ್ಲಿ ಮನೆಮಂದಿಯೊಡನೆ ಅಲ್ಲಿಗೆ ಹೋದೆವು. ನಮ್ಮ ತಾಯಿಯವರು ಹರಿಗೋಲಿನ ಅಂಚನ್ನು ಹಿಡಿದು ಒಳಗೆ ಕಾಲಿಟ್ಟವರು, ಅದು ತೂಗಿದೊಡನೆ ಎದ್ದು ನಿಲ್ಲಹೋದರು. ಅಂಬಿಗನು ಕೈ ಅಡ್ಡ ಚಾಚಿ, "ಕುಂದ್ರಿ ಯಮ್ಮಾ, ತೆಪ್ಪದಾಗ ನಿಂದರಬಾರ್ದು. ನಿಂತ್ರ ನಿಮ್ಮನ್ನೂ ಒಯ್ತದ, ನಮ್ಮನ್ನೂ ಒಯ್ತದ" ಎಂದನು. ಆ ಮಾತಿನಲ್ಲಿ ಗದರಿಕೆಯೂ ಇತ್ತು, ಮಗನ ಸಲಿಗೆಯೂ ಇತ್ತು. ತಾಯಿಯವರು ತಳದಲ್ಲಿ ಕುಳಿತು ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, "ನೀನು ಹ್ಯಾಗೆ ಹೇಳ್ತಿ ಹಾಗಪ್ಪಾ" ಎಂದರು. ನಮ್ಮ ಮನೆಯಲ್ಲಿ ಅವರು ಇಷ್ಟು ಬೇಗ ಯಾರ ಮಾತನ್ನೂ ಒಪ್ಪಿದ್ದನ್ನು ನಾವು ಕಂಡಿಲ್ಲ.

ಹರಿಗೋಲಿಗೆ ಮುಂದೆ ಹಿಂದೆಗಳಿಲ್ಲ, ಬೆನ್ನುಮೂಳೆಯಂಥ ಅಡಿಮರವೂ ಇಲ್ಲ. ಒಂದೇ ಹುಟ್ಟು. ಅಂಬಿಗನು ಅದನ್ನು ತನ್ನ ಮುಂದೆ ನೀರಿಗೆ ಚುಚ್ಚಿ ತನ್ನತ್ತ ಎಳೆದುಕೊಳ್ಳುತ್ತಾನೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಮನಾಗಿ ಎಳೆಯದಿದ್ದರೆ ಬುಟ್ಟಿಯು ಗಾಣದಂತೆ ಸುತ್ತುವದು. ಹುಟ್ಟನ್ನು ಕೇಳಿ ಪಡೆದ ನಮ್ಮ ಹಿರಿಯ ಮಗನು ನಾಲ್ಕು ಸುತ್ತು ಸುತ್ತಿಸಿ ತಲೆತಿರುಗಿ ಅದನ್ನು ಹಿಂದಕ್ಕೆ ಕೊಟ್ಟನು. ಸೆಳೆತವಿರುವ ಕಾಲದಲ್ಲಿ ಎದುರಿನ ದಡಕ್ಕೆ ನೆಟ್ಟಗೆ ಹೋಗುವದಿಲ್ಲ. ದಂಡೆಗುಂಟ ಮೇಲಕ್ಕೆ ಸಾಕಷ್ಟು ದೂರ ಸಾಗಿ, ಅಲ್ಲಿಂದ ಓರೆಯಾಗಿ ಬಿಟ್ಟರೆ ನೀರೇ ಒಯ್ದು ಬೇಕಾದ ಕಡೆಗೆ ಮುಟ್ಟಿಸುವದು. ಎಷ್ಟು ಮೇಲಕ್ಕೆ ಹೋಗಬೇಕೆಂಬ ಲೆಕ್ಕವು ಅಂಬಿಗನ ಕಣ್ಣಿನಲ್ಲಿದೆ, ಪುಸ್ತಕದಲ್ಲಿಲ್ಲ.

ನಡುನೀರಿನಲ್ಲಿ ಹುಟ್ಟು ನಿಂತಾಗ ಆಗುವ ಮೌನವನ್ನು ಹೇಳುವದು ಕಷ್ಟ. ಯಂತ್ರದ ಸದ್ದಿಲ್ಲ, ಹೊಗೆಯ ನಾತವಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಕುಳಿತಿರುವದರಿಂದ ಹೊಳೆಯು ನಮ್ಮ ಭುಜಕ್ಕೆ ಸಮನಾಗಿ ಹಬ್ಬಿದಂತೆ ತೋರುವದು. ಕಾಲಡಿಯ ಬಿದಿರು ಕರಕರನೆ ಮಿಡುಕುವದು. ಬಂಡೆಯ ಮೇಲೆ ರೆಕ್ಕೆ ಹರವಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳು ನಾವು ಹತ್ತಿರ ಬಂದರೂ ಹಾರಲಿಲ್ಲ. ಬೆಳ್ಳಕ್ಕಿಗಳು ಭತ್ತದ ಗದ್ದೆಗಳ ಕಡೆ ಸಾಲುಗಟ್ಟಿ ಹೊರಟಿದ್ದವು. ಚಿಕ್ಕ ಮಗಳು ನೀರಿಗೆ ಕೈ ಇಳಿಬಿಟ್ಟಾಗ ಅಂಬಿಗನು ಬೇಡವೆಂದನು. ಈ ಹೊಳೆಯಲ್ಲಿ ಮೊಸಳೆಗಳುಂಟು.

ಕುರುವಪುರದ ವಿಷಯದಲ್ಲಿ ಗುರುಚರಿತ್ರೆಯಲ್ಲಿ ಒಂದು ಕಥೆಯಿದೆ. ಅದು ನಮ್ಮ ಈ ಲೇಖನಕ್ಕೆಂದೇ ಇದ್ದಂತಿದೆ. ಶ್ರೀಪಾದರು ಸ್ನಾನಕ್ಕೆ ಬರುವಾಗ ಒಬ್ಬ ಅಗಸನು ನಿತ್ಯವೂ ಭಕ್ತಿಯಿಂದ ನಮಸ್ಕರಿಸುತ್ತಿದ್ದನು. ವೈಶಾಖದ ಒಂದು ದಿನ ಯವನರಾಜನೊಬ್ಬನು ಅಂತಃಪುರದೊಡನೆ, ಒಡವೆ ವಸ್ತ್ರಗಳಿಂದ ಮೆರೆಯುತ್ತ, ಅಲಂಕರಿಸಿದ ದೋಣಿಯಲ್ಲಿ ಇದೇ ನದಿಯಲ್ಲಿ ವಿಹರಿಸುತ್ತಿದ್ದುದನ್ನು ಅಗಸನು ಕಂಡು, ನಮಸ್ಕಾರವನ್ನೂ ಮರೆತು ಬೆರಗಾಗಿ ನಿಂತನು. ಈ ಸುಖವಲ್ಲವೇ ಸುಖವೆಂದು ಅವನ ಮನಸ್ಸಿಗೆ ಬಂತು. ಗುರುಗಳು ಅದನ್ನರಿತು ಕೋಪಿಸಲಿಲ್ಲ. ಆಶೆಯು ಉಳಿದರೆ ಮುಂದೆ ಬಾಧಿಸುವದೆಂದು, ಬರುವ ಜನ್ಮದಲ್ಲಿ ಬೀದರದಲ್ಲಿ ರಾಜನಾಗೆಂದು ಅನುಗ್ರಹಿಸಿದರು. ದೋಣಿಯಲ್ಲಿ ಕುಳಿತವರ ಸುಖವನ್ನು ದಡದಲ್ಲಿ ಬಟ್ಟೆ ಒಗೆಯುವವನ ಕಣ್ಣಿನಿಂದ ಹೇಳಿದ ಈ ಕಥೆಯನ್ನು ನಮ್ಮ ತಾಯಿಯವರು ಹರಿಗೋಲಿನಲ್ಲಿಯೇ ಮಕ್ಕಳಿಗೆ ಹೇಳಿದರು. ಅಂಬಿಗನು ಹುಟ್ಟು ನಿಲ್ಲಿಸಿ ಕೇಳಿದನು. ಅವನಿಗೆ ಕಥೆ ಗೊತ್ತಿತ್ತು. ಬಿಟ್ಟುಹೋದ ಒಂದು ಎಳೆಯನ್ನು ಅವನೇ ಸೇರಿಸಿದನು.

ನಮಗೆ ಅರ್ಧ ದಿನದ ವಿನೋದವಾದ ಇದೇ ಹರಿಗೋಲು ನಡುಗಡ್ಡೆಗಳ ಜನರಿಗೆ ನಿತ್ಯದ ಹಾದಿ ಎಂಬುದನ್ನು ಬರೆಯದಿದ್ದರೆ ಈ ಲೇಖನವು ಅರ್ಧವಾಗುವದು. ಕುರ್ವಕಲಾ, ಕುರ್ವಕುರ್ದ ಮೊದಲಾದ ಗಡ್ಡೆಗಳವರು ಸಂತೆಗೂ ಔಷಧಕ್ಕೂ ಹೆರಿಗೆಗೂ ನೀರನ್ನೇ ದಾಟಬೇಕಾಗಿ ಬಂದಿದೆ. ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮಾದರಗಡ್ಡಿಗಳವರ ಪಾಡೂ ಇಂಥದೇ. ಮೇಲುಗಡೆಯ ನಾರಾಯಣಪುರದ ಅಣೆಕಟ್ಟಿನಿಂದ ಲಕ್ಷಗಟ್ಟಲೆ ಘನ ಅಡಿ ನೀರು ಬಿಟ್ಟಾಗ ಗಡ್ಡೆಗಳು ಹೊರಗಿನ ಸಂಬಂಧವನ್ನೇ ಕಡಿದುಕೊಳ್ಳುವವು. 2009ರ ಮತ್ತು 2019ರ ಪ್ರವಾಹಗಳನ್ನು ಅಲ್ಲಿಯವರು ಇನ್ನೂ ಮರೆತಿಲ್ಲ. 2020ರ ಆಗಸ್ಟ್ ತಿಂಗಳಲ್ಲಿ ಆಚೆಯ ದಡದಿಂದ ಸಾಮಾನು ಕೊಂಡು ಮರಳುತ್ತಿದ್ದವರ ಹರಿಗೋಲು ಮಗುಚಿ, ಅದರಲ್ಲಿದ್ದ ಹದಿಮೂರು ಮಂದಿಯಲ್ಲಿ ನಾಲ್ವರು ನೀರುಪಾಲಾದರು. ಸೇತುವೆ ಬೇಕೆಂಬುದು ಈ ಜನರ ಬಹುಕಾಲದ ಕೂಗು. ಸೇತುವೆಯಾದರೆ ಹರಿಗೋಲು ಅಳಿಯುವದೆಂದು ಪೇಟೆಯಲ್ಲಿ ಕುಳಿತು ಮರುಗುವವರನ್ನು ನಾವು ಬಲ್ಲೆವು. ಹರಿಗೋಲು ಅಳಿದರೂ ಚಿಂತೆಯಿಲ್ಲ, ಬಾಣಂತಿಯು ಬದುಕಲಿ ಎಂಬುದು ನಮ್ಮ ಸ್ಪಷ್ಟ ಮತ. ಹಾಗೆ ನೋಡಿದರೆ ಅದು ಅಳಿಯಲೇಬೇಕೆಂಬ ನಿಯಮವೂ ಇಲ್ಲ. ತುಂಗಭದ್ರೆಯ ಮೇಲೆ ಹಂಪೆ ಆನೆಗೊಂದಿಗಳ ಸುತ್ತಿನಲ್ಲಿ ಸೇತುವೆಯ ರಸ್ತೆಯಾಗಿದ್ದರೂ, ದೇಶವಿದೇಶಗಳ ಪ್ರವಾಸಿಗಳು ಹರಿಗೋಲನ್ನು ಹುಡುಕಿಕೊಂಡು ಬರುತ್ತಾರೆ. ಅಂಬಿಗನ ಮನೆಯೂ ನಡೆಯುತ್ತದೆ. ಮೀನು ಹಿಡಿಯುವವರಿಗಂತೂ ಇದಕ್ಕಿಂತ ಅಗ್ಗದ ದೋಣಿಯಿಲ್ಲ.

ಹೋಗಬಯಸುವ ಗೃಹಸ್ಥರಿಗೆ ಕೆಲವು ಮಾತು. ಕಾರ್ತಿಕದಿಂದ ಫಾಲ್ಗುಣದ ವರೆಗಿನ ಕಾಲವೇ ತಕ್ಕದ್ದು. ಆಷಾಢ ಶ್ರಾವಣ ಭಾದ್ರಪದಗಳಲ್ಲಿ, ಅಣೆಕಟ್ಟಿನ ನೀರು ಬಿಟ್ಟ ಸುದ್ದಿಯಿದ್ದಾಗ, ಯಾವ ಹರಕೆಯಿದ್ದರೂ ದಡದಿಂದಲೇ ಕೈಮುಗಿಯಬೇಕು. ತೇಲುವ ಅಂಗಿಯನ್ನು ಕೇಳಿ ತೊಟ್ಟುಕೊಳ್ಳಬೇಕು. ಇಲ್ಲವೆಂದರೆ ಚಿಕ್ಕ ಮಕ್ಕಳನ್ನು ಹತ್ತಿಸಬಾರದು. ಸಾಮಾನ್ಯದ ಹರಿಗೋಲು ಆರೆಂಟು ಅಡಿ ಅಗಲದ್ದು. ಐದಾರು ಮಂದಿಗಿಂತ ಹೆಚ್ಚು ತುಂಬಿಸಹೋದರೆ ಇಳಿದು ಮುಂದಿನದಕ್ಕೆ ಕಾಯುವದು ಲೇಸು. ಭಾರವನ್ನು ಸುತ್ತಲೂ ಸಮನಾಗಿ ಹಂಚಿ ಕುಳಿತಿರಬೇಕು, ಭಾವಚಿತ್ರ ತೆಗೆಯಲೆಂದು ಎಲ್ಲರೂ ಒಂದೇ ಕಡೆಗೆ ಸರಿಯಬಾರದು. ಬಿಸಿಲಿಗೆ ಕೊಡೆ ಬಿಚ್ಚಿದರೆ ಗಾಳಿಗೆ ಸಿಕ್ಕು ತೊಂದರೆಯಾಗುವದು, ತಲೆಗೆ ವಸ್ತ್ರವೇ ಸಾಕು. ನಮ್ಮ ಬೀಗಿತ್ತಿಯರು ಕಟ್ಟಿಕೊಟ್ಟಿದ್ದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿಯ ಎಣ್ಣೆಗಾಯಿಗಳನ್ನು ನಾವು ಗಡ್ಡೆಯ ಮೇಲೆ ಮರದ ನೆರಳಿನಲ್ಲಿ ಉಂಡೆವು. ಅಂಬಿಗನಿಗೂ ಒಂದು ಪಾಲು ಇಟ್ಟಿದ್ದೆವು. ಹೊತ್ತು ಇಳಿಯುವ ಮೊದಲೇ ಮರಳಿರೆಂದು ಅವನು ಹೇಳಿದ್ದನು, ಏಕೆಂದರೆ ಸಂಜೆಯಾದರೆ ಹರಿಗೋಲುಗಳೆಲ್ಲ ದಡವೇರಿ ಬೋರಲಾಗುವವು.