ಪಂಪ್ ಜೇಬಲ್ಲೇ ಇದೆ, ಉಸಿರು ಯಾಕೆ ನಿಲ್ತಿದೆ?

ಮೃಗಶಿರಾ ಮಳೆ ಶುರುವಾಯ್ತು ಅಂದ್ರೆ ಹೈದರಾಬಾದ್‌ನಲ್ಲಿ ಪ್ರತಿವರ್ಷ ಒಂದು ದೃಶ್ಯ ಕಾಣುತ್ತೆ. ಬಾಯಿಗೆ ಮದ್ದು ತುಂಬಿದ ಜೀವಂತ ಮೀನುಮರಿ ನುಂಗೋಕೆ ಸಾವಿರಾರು ಜನ ಸಾಲು ನಿಂತಿರ್ತಾರೆ. ನಮ್ಮ ಕ್ಯಾಮೆರಾಗಳೂ ಅಲ್ಲೇ ಇರ್ತವೆ. ಅವರನ್ನು ನೋಡಿ ನಗೋದು ಸುಲಭ. ಆದರೆ ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದವರಿಗೆ ಗೊತ್ತು, ಒಂದು ಉಸಿರಿನ ಬೆಲೆ ಎಷ್ಟು ಅಂತ.

ಈ ಲೆಕ್ಕ ನೋಡಿ. 2019ರ ಜಾಗತಿಕ ರೋಗಭಾರ ಅಧ್ಯಯನದ ಪ್ರಕಾರ ಜಗತ್ತಿನ ಆಸ್ತಮಾ ಹೊರೆಯಲ್ಲಿ ಭಾರತದ ಪಾಲು ಸುಮಾರು ಶೇ. 13. ಸಾವಿನಲ್ಲಿ ನಮ್ಮ ಪಾಲು ಶೇ. 42ಕ್ಕೂ ಹೆಚ್ಚು! ಔಷಧಿ ಇಲ್ವಾ? ಇದೆ. ನಾವು ಬಳಸೋ ರೀತಿಯಲ್ಲೇ ಎಡವಟ್ಟಾಗಿದೆ.

ನೀಲಿ ಪಂಪ್, ಅಂದ್ರೆ ಸಾಲ್ಬುಟಮಾಲ್, ಬಿಗಿದ ಶ್ವಾಸನಾಳವನ್ನು ಕೆಲವು ಗಂಟೆ ಸಡಿಲ ಮಾಡುತ್ತೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತೆ. ಊತ ಇಳಿಸೋದು ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡ್. ಬರೀ ನೀಲಿ ಪಂಪ್ ನಂಬಿ ಕೂರಬೇಡಿ ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ 2019ರಲ್ಲಿ ಹೇಳಿಬಿಟ್ಟಿದೆ. ಆದರೆ 'ಇನ್ಹೇಲರ್ ಚಟ ಆಗುತ್ತೆ' ಅಂತ ಹೆದರಿ, ಮಾತ್ರೆ ನುಂಗ್ತೀವಿ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದರೆ ಮೂಳೆ ಸವೆಯುತ್ತೆ, ಸಕ್ಕರೆ ಏರುತ್ತೆ, ಕಣ್ಣಿಗೆ ಪೊರೆ ಬರುತ್ತೆ.

ಹಾಗಾದರೆ ತೀವ್ರ ಆಸ್ತಮಾ ಅಂದ್ರೆ ಯಾವುದು? ಜೋರಾಗಿ ದಮ್ಮು ಕಟ್ಟಿದ್ದೆಲ್ಲ ಅಲ್ಲ. ಹೆಚ್ಚಿನ ಪ್ರಮಾಣದ ಇನ್ಹೇಲರ್ ಔಷಧಿಯನ್ನು ಸರಿಯಾಗಿ, ತಪ್ಪದೇ ತಗೊಂಡರೂ ಹತೋಟಿಗೆ ಬಾರದ್ದು, ಅಥವಾ ಡೋಸ್ ಇಳಿಸಿದ ಕೂಡಲೇ ಮರುಕಳಿಸೋದು. ನೂರು ರೋಗಿಗಳಲ್ಲಿ ನಾಲ್ಕೈದು ಮಂದಿಗೆ ಮಾತ್ರ ಇದು ಇರುತ್ತೆ ಅನ್ನೋ ಅಂದಾಜಿದೆ.

ಅದಕ್ಕೇ ವೈದ್ಯರು ಮೊದಲು ಕೇಳೋ ಪ್ರಶ್ನೆ: ಇದು ಆಸ್ತಮಾನೇ ಹೌದಾ? ಬೀಡಿ-ಸಿಗರೇಟು, ಒಲೆ ಹೊಗೆಯಿಂದ ಹಾಳಾದ ಶ್ವಾಸಕೋಶ, ದುರ್ಬಲ ಹೃದಯ ಕೂಡ ಏದುಸಿರು ತರಿಸುತ್ತವೆ. ಸ್ಪೈರೋಮೆಟ್ರಿ ಅನ್ನೋ ಊದುವ ಪರೀಕ್ಷೆ ಇದನ್ನು ಬೇರ್ಪಡಿಸೋಕೆ ನೆರವಾಗುತ್ತೆ. ಎರಡನೇ ಪ್ರಶ್ನೆ: ಪಂಪ್ ಹೇಗೆ ಎಳೀತೀರಿ, ತೋರಿಸಿ. ಉಸಿರು ಪೂರ್ತಿ ಬಿಟ್ಟು, ಒತ್ತುತ್ತಾ ನಿಧಾನವಾಗಿ ಎಳೆದು, ಹತ್ತು ಸೆಕೆಂಡ್ ಹಿಡಿಯಬೇಕು. ಸ್ಟೀರಾಯ್ಡ್ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸಬೇಕು. ಎಷ್ಟೋ ಮಂದಿಯ ಔಷಧಿ ನಾಲಿಗೆ ಮೇಲೇ ಉಳಿಯುತ್ತೆ! ಮೂರನೇದು: ಕೆಣಕೋದು ಯಾವುದು? ಧೂಳು, ಧೂಮಪಾನ, ಹಿಟ್ಟಿನ ಗಿರಣಿ, ಕೆಲವರಿಗೆ ನೋವಿನ ಮಾತ್ರೆ, ನಮ್ಮೂರಿನ ಕಾಂಗ್ರೆಸ್ ಗಿಡದ ಪರಾಗ.

ಇಷ್ಟನ್ನೂ ಸರಿಪಡಿಸಿದ ಮೇಲೂ ಹತೋಟಿಗೆ ಬರದಿದ್ರೆ ಮಾತ್ರ ಅದು ತೀವ್ರ. ಆಗ ರಕ್ತದಲ್ಲಿ ಇಯೋಸಿನೋಫಿಲ್, ಐಜಿಇ ಅಳೆದು ಯಾವ ಬಗೆಯದ್ದು ಅಂತ ಗುರುತಿಸ್ತಾರೆ. ಅದಕ್ಕೆ ಹೊಂದುವ ಒಮಾಲಿಜುಮ್ಯಾಬ್, ಮೆಪೊಲಿಜುಮ್ಯಾಬ್‌ನಂಥ ಚುಚ್ಚುಮದ್ದುಗಳಿವೆ. ಉಬ್ಬಸದ ದಾಳಿ ಕಡಿಮೆಯಾಗುತ್ತೆ. ಆದರೆ ಬೆಲೆ? ಬಡವರ, ಮಧ್ಯಮ ವರ್ಗದವರ ಕೈಗೆ ಎಟುಕಲ್ಲ. ಸರ್ಕಾರಗಳು ಉತ್ತರ ಕೊಡಬೇಕಾದ್ದು ಇಲ್ಲಿ.

ಕೊನೇ ಮಾತು. ಒಂದು ವಾಕ್ಯ ಪೂರ್ತಿ ಆಡೋಕಾಗ್ತಿಲ್ಲ, ತುಟಿ ನೀಲಿಯಾಗ್ತಿದೆ, ಪಂಪ್ ಹೊಡೆದರೂ ತಗ್ಗುತ್ತಿಲ್ಲ ಅಂದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಪಂಪ್ ಎಳೆಯುತ್ತಲೇ 108ಕ್ಕೆ ಕರೆ ಮಾಡಿ. ಕನ್ನಡಕ ಹಾಕೋಕೆ ನಾಚಿಕೆ ಇಲ್ಲದ ನಮಗೆ, ನಾಲ್ಕು ಜನರ ಮುಂದೆ ಇನ್ಹೇಲರ್ ತೆಗೆಯೋಕೆ ಯಾಕೆ ನಾಚಿಕೆ?