ಬೆಟ್ಟದ ಬುಡದಲ್ಲಿ ಹನ್ನೊಂದು ಮಿಂಚು

ಜಪಾನಿನ ಕಮಿಯೋಕಾದಲ್ಲಿ ಸತುವು ಬಗೆದ ಗಣಿಯೊಂದಿದೆ. ಅದರ ಸುರಂಗ ಹಿಡಿದು ಒಳಹೊಕ್ಕರೆ ಬೆಳಕು ಬೆನ್ನ ಹಿಂದೆಯೇ ಉಳಿದು, ಒದ್ದೆ ಬಂಡೆಯ ತಣ್ಣನೆ ವಾಸನೆ ಮೂಗಿಗೆ ಅಡರಿ, ತಲೆಯ ಮೇಲೆ ಒಂದು ಕಿಲೋಮೀಟರ್ ದಪ್ಪದ ಬೆಟ್ಟ ಕೂತಿದೆಯೆಂಬುದು ಮೆಲ್ಲಗೆ ಅರಿವಿಗೆ ಬರುತ್ತದೆ. 1987ರಲ್ಲಿ ಇಲ್ಲೊಂದು ಭಾರೀ ತೊಟ್ಟಿ ಇತ್ತು. ಅದರ ತುಂಬ ಸೋಸಿ ಸೋಸಿ ತಿಳಿಯಾಗಿಸಿದ ನೀರು, 3,000 ಟನ್. ಒಳಗೋಡೆಗೆಲ್ಲ ಅರ್ಧ ಮೀಟರ್ ಅಗಲದ ಗಾಜಿನ ಬುರುಡೆಗಳು, ಹತ್ತಿರಹತ್ತಿರ ಸಾವಿರ. ಇವು ಬೆಳಕು ಕೊಡುವ ಬುರುಡೆಗಳಲ್ಲ, ಬೆಳಕಿಗೆ ಕಾಯುವಂಥವು. ಪ್ರೋಟಾನ್ ಒಡೆಯುವುದನ್ನು ಕಾಣಬೇಕೆಂದು ಭೌತವಿಜ್ಞಾನಿ ಮಸಾತೋಶಿ ಕೊಶಿಬಾ ಕಟ್ಟಿಸಿದ ತೊಟ್ಟಿ ಅದು. (ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲೂ ಆಗ ಇದೇ ಕಾವಲು ನಡೆದಿತ್ತು.) ಪ್ರೋಟಾನ್ ಒಡೆಯಲಿಲ್ಲ.

ಫೆಬ್ರವರಿ 23, ಸಂಜೆ 4 ಗಂಟೆ 35 ನಿಮಿಷ. ಕಗ್ಗತ್ತಲ ನೀರಿನಲ್ಲಿ ಎರಡು ಸೆಕೆಂಡಿನೊಳಗೆ ಎಂಟು ನೀಲಿ ಮಿಂಚು. ಆಮೇಲೆ ಏಳು ಸೆಕೆಂಡು ಏನೂ ಇಲ್ಲ. ಮತ್ತೆ ಬಿಡಿಬಿಡಿಯಾಗಿ ಮೂರು. ಟೇಪು ತನ್ನ ಪಾಡಿಗೆ ಬರೆದುಕೊಂಡಿತು. ಚಿಲಿಯಲ್ಲಿ ಖಗೋಳವಿದ ಇಯಾನ್ ಶೆಲ್ಟನ್ ನಕ್ಷತ್ರವೊಂದು ಸಿಡಿದ ಸೂಪರ್‌ನೋವಾ ಕಂಡ ಸುದ್ದಿ ಬಂದ ಮೇಲೆಯೇ ಅದನ್ನು ಕೆದಕಿ ನೋಡಿದ್ದು.

ಮಿಂಚಿಸಿದ್ದು ಆ ಸಿಡಿತದಿಂದ ಬಂದ ನ್ಯೂಟ್ರಿನೊ ಎಂಬ ಕಣಗಳು. 1.6 ಲಕ್ಷಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಿಂದ, ದಕ್ಷಿಣದ ಆಕಾಶದಿಂದ ಹೊರಟು, ಭೂಮಿಯನ್ನೇ ತೂರಿ ತೊಟ್ಟಿಯ ತಳದ ಕಡೆಯಿಂದ ಮೇಲೆದ್ದಿದ್ದವು. ಭೂಮಿಗೇ ಸೊಪ್ಪು ಹಾಕದ ಈ ಕಣಗಳು ಹುಟ್ಟಿದ ಕಡೆ ಮಾತ್ರ ಜಾತ್ರೆಯ ನೂಕುನುಗ್ಗಲಿಗೆ ಸಿಕ್ಕಿದವರಂತೆ ಒದ್ದಾಡಿ, ಸೆಕೆಂಡುಗಟ್ಟಲೆ ತಡವಾಗಿ ಹೊರಬೀಳುತ್ತವೆ. ಸಿಡಿದ ನಕ್ಷತ್ರದ ನಡುವೆ ಆಗಷ್ಟೇ ಹುಟ್ಟಿದ ನ್ಯೂಟ್ರಾನ್ ನಕ್ಷತ್ರ ಅಂಥ ಜಾಗ. ಅದರೊಳಗಿನ ಬಿಸಿ ಹತ್ತು ಸಾವಿರ ಕೋಟಿ ಡಿಗ್ರಿ ದಾಟಿರುತ್ತದೆ; ನಟ್ಟನಡುವಿನ ವಸ್ತು ಪರಮಾಣು ಬೀಜಕ್ಕಿಂತ ಹಲವು ಪಟ್ಟು ದಟ್ಟ. ನ್ಯೂಟ್ರಿನೊಗಳು ಒಳಗೆ ಸಿಕ್ಕಿಕೊಂಡಿರುವಷ್ಟು ಹೊತ್ತು ವಿಚಿತ್ರ ಕಣಗಳು ತಲೆಯೆತ್ತುವುದು ಕಷ್ಟ ಎನ್ನುತ್ತದೆ ಲೆಕ್ಕಾಚಾರ. ಅವು ಸೋರಿಹೋದಂತೆ ನ್ಯೂಟ್ರಾನುಗಳ ನಡುವೆ ಹೈಪರಾನುಗಳೆಂಬ ಅಂಥ ಕಣಗಳು ಕಾಣಿಸಿಕೊಳ್ಳಬಹುದು, ಇಲ್ಲವೇ ನ್ಯೂಟ್ರಾನುಗಳೇ ಕದಡಿ ತಮ್ಮೊಳಗಿನ ಕ್ವಾರ್ಕುಗಳ ಗಂಜಿಯಾಗಬಹುದು. ಒಳಗಿನ ಬಿಗಿ ಅಲ್ಲಿಗೆ ಸಡಿಲ. ತೂಕ ಹೆಚ್ಚಿದ್ದ ಕೂಸು ಹುಟ್ಟಿದ ಸ್ವಲ್ಪ ಹೊತ್ತಿಗೇ ಕುಸಿದು ಕಪ್ಪುಕುಳಿಯಾಗಬಹುದು.

1987ರ ನಕ್ಷತ್ರಕ್ಕೂ ಹಾಗೇ ಆಗಿರಬೇಕೆಂದು ಭೌತವಿಜ್ಞಾನಿಗಳಾದ ಹ್ಯಾನ್ಸ್ ಬೇತೆ, ಜೆರಾಲ್ಡ್ ಬ್ರೌನ್ ಊಹಿಸಿದ್ದರು. ಆ ಏಳು ಸೆಕೆಂಡಿನ ಮೌನದಲ್ಲೂ ಅರ್ಥ ಹುಡುಕಿದವರಿದ್ದಾರೆ. ಹನ್ನೊಂದು ಚುಕ್ಕಿಗಳಲ್ಲಿ ಯಾವ ರಂಗೋಲಿ ಬೇಕಾದರೂ ಬಿಡಿಸಬಹುದು ಎಂಬುದು ನನ್ನ ಅನುಮಾನ. 2024ರಲ್ಲಿ ವೆಬ್ ದೂರದರ್ಶಕ ಆ ಸಿಡಿತದ ಅವಶೇಷದ ನಡುವೆ ಆರ್ಗಾನ್ ಅನಿಲದ ಹೊಳಪನ್ನು ಗುರುತಿಸಿತು. ಆ ಅನಿಲವನ್ನು ನಡುವಿನಿಂದ ಏನೋ ಬೆಳಗಿಸುತ್ತಿರಬೇಕು; ಕೂಸು ನ್ಯೂಟ್ರಾನ್ ನಕ್ಷತ್ರವಾಗಿಯೇ ಬದುಕಿದೆ ಎನ್ನಲು ಸಿಕ್ಕ ಬಲವಾದ ಸುಳಿವು ಅದು. ಅದರ ಹೊಟ್ಟೆಯಲ್ಲಿ ಬರೀ ನ್ಯೂಟ್ರಾನೋ, ಮತ್ತೇನಾದರೂ ಬೆರೆತಿದೆಯೋ, ಆರ್ಗಾನ್ ಹೇಳುವುದಿಲ್ಲ.