ಮೆಚ್ಚಿನ ಪುಸ್ತಕ: ಎಳೆಯರ ಓದು, ಹಿರಿಯರ ಮರು ಓದು

ಪದವಿ ತರಗತಿಗೆ ಹೊಸದಾಗಿ ಬಂದ ವಿದ್ಯಾರ್ಥಿಯನ್ನು ಅವನ ಮೆಚ್ಚಿನ ಪುಸ್ತಕ ಯಾವುದೆಂದು ಕೇಳುವುದು ಅಧ್ಯಾಪಕರಲ್ಲಿ ಹಳೆಯ ವಾಡಿಕೆ. ಬರುವ ಉತ್ತರವೂ ಬಹುಮಟ್ಟಿಗೆ ಗೊತ್ತಾದುದೇ. ಒಂದು ಮಹಾಕಾವ್ಯ, ಇಲ್ಲವೆ ಪ್ರಶಸ್ತಿ ಪಡೆದ ಒಂದು ದೊಡ್ಡ ಕಾದಂಬರಿ. ಹೇಳುವವರ ದನಿಯಲ್ಲಿ ಪ್ರೀತಿಗಿಂತ ಎಚ್ಚರಿಕೆಯೇ ಹೆಚ್ಚು. ಅದೇ ವಿದ್ಯಾರ್ಥಿಗಳು ತರಗತಿ ಮುಗಿದ ಮೇಲೆ ಗೆಳೆಯರೊಡನೆ ಕುಳಿತು, ಎಂಟನೆಯ ವಯಸ್ಸಿನಲ್ಲಿ ಓದಿದ ಕಥೆಯೊಂದನ್ನು ನೆನೆನೆನೆದು ನಗುವುದನ್ನೂ ನಾವು ಕಂಡಿದ್ದೇವೆ. ಮೊದಲನೆಯ ಉತ್ತರ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ‘ಒಳ್ಳೆಯ ಪುಸ್ತಕ’ ಬೇರೆ, ‘ಮೆಚ್ಚಿನ ಪುಸ್ತಕ’ ಬೇರೆ ಎಂಬುದು ಈ ಎರಡು ಉತ್ತರಗಳ ನಡುವಣ ಅಂತರದಿಂದ ತಿಳಿಯುತ್ತದೆ. ಒಳ್ಳೆಯ ಪುಸ್ತಕವನ್ನು ಒಮ್ಮೆ ಓದಿ, ಗೌರವದಿಂದ ಬದಿಗಿಡಬಹುದು. ಮೆಚ್ಚಿನ ಪುಸ್ತಕವಾದರೋ ಓದುಗನನ್ನು ಮತ್ತೆ ಮತ್ತೆ ಕರೆಯುತ್ತದೆ. ಹಾಗೆ ಕರೆಯುವ ಗುಣ ಯಾವುದು, ಎಳೆಯರನ್ನು ಕರೆಯುವುದೂ ಹಿರಿಯರನ್ನು ಕರೆಯುವುದೂ ಒಂದೇ ಗುಣವೆ ಎಂಬುದನ್ನು ಕೆಲವು ಕೃತಿಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲು ಯತ್ನಿಸುತ್ತೇವೆ.

ಮಗುವಿಗೆ ಕಥೆ ಹೇಳಿದವರೆಲ್ಲರಿಗೂ ಒಂದು ಅನುಭವ ಸಾಮಾನ್ಯವಾದುದು. ನಿನ್ನೆ ಹೇಳಿದ ಕಥೆಯನ್ನೇ ಮಗು ಇಂದೂ ಕೇಳುತ್ತದೆ. ಅದರಲ್ಲಿ ಒಂದು ಮಾತು ಹಿಂದುಮುಂದಾದರೂ ಹೇಳುವವರನ್ನು ತಡೆದು ತಿದ್ದುತ್ತದೆ. ಮುಂದೆ ಏನಾಗುವುದೆಂಬ ಕುತೂಹಲ ಅಲ್ಲಿ ಇಲ್ಲ. ಮುಂದಾಗುವುದು ಅದಕ್ಕೆ ಚೆನ್ನಾಗಿ ಗೊತ್ತು. ಗೊತ್ತಿದ್ದುದು ಗೊತ್ತಿದ್ದ ಹಾಗೆಯೇ ಬರುವುದರಲ್ಲಿಯೇ ಅದರ ಸುಖ. ಪಂಜೆ ಮಂಗೇಶರಾಯರ (1874–1937) ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಕಥೆಯ ಕಟ್ಟಡವೆಲ್ಲ ಈ ಸುಖದ ಮೇಲೆಯೇ ನಿಂತಿದೆ. ಒಂದು ಪ್ರಶ್ನೆ, ಅದಕ್ಕೆ ಬೇರೊಬ್ಬರ ಮೇಲೆ ತಪ್ಪು ಹೊರಿಸುವ ಒಂದು ಉತ್ತರ, ಅವರ ಬಳಿಗೆ ಹೋಗಿ ಮತ್ತೆ ಪ್ರಶ್ನೆ. ಹೀಗೆ ಸರಪಣಿ ಬೆಳೆಯುತ್ತದೆ. ಕೇಳುವ ಮಗು ಮುಂದಿನ ಕೊಂಡಿಯನ್ನು ಹೇಳುವವರಿಗಿಂತ ಮೊದಲೇ ಹಿಡಿದಿರುತ್ತದೆ.

‘ಚಂದಮಾಮ’ ಪತ್ರಿಕೆಯ ಬೇತಾಳ ಕಥೆಗಳೂ ಇದಕ್ಕೆ ನಿದರ್ಶನ. 1947ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೂ ಬಂದು, ಹಲವು ದಶಕ ನಡೆದು ಈಗ ನಿಂತುಹೋಗಿರುವ ಆ ಮಾಸಪತ್ರಿಕೆಯಲ್ಲಿ ರಾಜನು ಪ್ರತಿ ತಿಂಗಳೂ ಮರದ ಬಳಿಗೆ ಮರಳಿ ಬರುತ್ತಿದ್ದನು. ಶವವನ್ನು ಇಳಿಸಿ ಹೆಗಲಿಗೇರಿಸಿ ಮೌನವಾಗಿ ನಡೆಯುತ್ತಿದ್ದನು. ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳನ ಕಥೆಗಳು ಇಪ್ಪತ್ತೈದೇ. ಪತ್ರಿಕೆಯವರು ಅಷ್ಟಕ್ಕೆ ನಿಲ್ಲದೆ, ಆ ಚೌಕಟ್ಟಿನೊಳಗೆ ವರ್ಷಗಟ್ಟಲೆ ಹೊಸ ಕಥೆಗಳನ್ನು ಸೇರಿಸುತ್ತ ಹೋದರು. ಒಳಗಣ ಕಥೆ ಬದಲಾದರೂ ಮೊದಲೂ ಕೊನೆಯೂ ಬದಲಾಗಲಿಲ್ಲ. ಬದಲಾಗಿದ್ದರೆ ಎಳೆಯ ಓದುಗರು ಸಹಿಸುತ್ತಿರಲಿಲ್ಲವೆಂದೇ ನಮ್ಮ ಊಹೆ. ಆ ಪತ್ರಿಕೆಯನ್ನು ಮನೆಯ ಹಿರಿಯರೇ ಮೊದಲು ಓದಿ ಮುಗಿಸಿ ಆಮೇಲೆ ಮಕ್ಕಳ ಕೈಗೆ ಕೊಡುತ್ತಿದ್ದರೆಂಬುದನ್ನು ನೆನೆಯುವವರು ಇನ್ನೂ ಇದ್ದಾರೆ.

ಇನ್ನು ನೀತಿಯ ಮಾತು. ಮಕ್ಕಳ ಪುಸ್ತಕದ ಬೆಲೆ ಅದು ಕಲಿಸುವ ನೀತಿಯಲ್ಲಿದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಗೆ ಸಾಕ್ಷಿಯೆಂದು ಎಲ್ಲರೂ ತೋರಿಸುವುದು ಪಂಚತಂತ್ರವನ್ನು. ಆದರೆ ಆ ಗ್ರಂಥವನ್ನು ಎಚ್ಚರದಿಂದ ಓದಿದವರಿಗೆ ತೊಡಕು ಎದುರಾಗುತ್ತದೆ. ಅದು ಮಂದಮತಿಗಳಾದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ರಾಜನೀತಿಯಲ್ಲಿ ನಿಪುಣರನ್ನಾಗಿ ಮಾಡಲು ಹೇಳಿದುದು. ಅಲ್ಲಿ ‘ನೀತಿ’ ಎಂದರೆ ಸದಾಚಾರಕ್ಕಿಂತ ಹೆಚ್ಚಾಗಿ ರಾಜ್ಯದಲ್ಲಿ ಬದುಕಿ ಉಳಿಯುವ ಜಾಣ್ಮೆ. ಕನ್ನಡಕ್ಕೆ ಅದನ್ನು ವಸುಭಾಗಭಟ್ಟನ ಪರಂಪರೆಯಿಂದ ತಂದ ದುರ್ಗಸಿಂಹನು, 11ನೆಯ ಶತಮಾನದಲ್ಲಿ, ಚಾಳುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಅವನ ಚಂಪುವನ್ನು ಮಕ್ಕಳ ಪುಸ್ತಕವೆಂದು ಯಾರೂ ಕರೆಯರು. ಸಂಸ್ಕೃತದ ಪ್ರಸಿದ್ಧ ಪಾಠದ ಮೊದಲನೆಯ ತಂತ್ರದಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಸಿಂಹದ ಕೈಯಿಂದ ಅದರ ಗೆಳೆಯನಾದ ಎತ್ತನ್ನು ಕೊಲ್ಲಿಸಿ, ಕೊನೆಗೆ ಮಂತ್ರಿಯಾಗಿಯೇ ಉಳಿಯುತ್ತದೆ. ಅದಕ್ಕೆ ಶಿಕ್ಷೆಯಿಲ್ಲ. ಈ ಅನ್ಯಾಯವನ್ನು ಸಹಿಸದವರು ಮಕ್ಕಳಲ್ಲ, ಹಿರಿಯರು. 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನು ಈ ಕಥೆಗಳನ್ನು ‘ಕಲೀಲ ಮತ್ತು ದಿಮ್ನ’ ಎಂದು ಅರಬ್ಬೀ ಭಾಷೆಗೆ ತಂದಾಗ, ಮೂಲದಲ್ಲಿಲ್ಲದ ಒಂದು ಅಧ್ಯಾಯ ಸೇರಿತು. ಅದರಲ್ಲಿ ಆ ನರಿಯ ವಿಚಾರಣೆ ನಡೆದು ಅದಕ್ಕೆ ದಂಡನೆಯಾಗುತ್ತದೆ. ಮಕ್ಕಳಾದರೋ ಸಾವಿರಾರು ವರ್ಷ ನರಿಯ ಮಾತಿನ ಚಮತ್ಕಾರಕ್ಕೆ ಕಿವಿಗೊಟ್ಟು ಕುಳಿತರು.

ನೀತಿಪದ್ಯಗಳನ್ನು ಗೇಲಿ ಮಾಡಿಯೇ ಮಕ್ಕಳ ಪ್ರೀತಿಯನ್ನು ಗಳಿಸಿದ ಪುಸ್ತಕವೂ ಉಂಟು. 1865ರಲ್ಲಿ ಪ್ರಕಟವಾದ ಲೂಯಿಸ್ ಕ್ಯಾರಲನ ‘ಆಲಿಸ್’ನಲ್ಲಿ ಬರುವ ಹಲವು ಹಾಡುಗಳು ಆ ಕಾಲದ ಇಂಗ್ಲಿಷ್ ಮಕ್ಕಳು ಬಾಯಿಪಾಠ ಮಾಡಬೇಕಾಗಿದ್ದ ಉಪದೇಶಪದ್ಯಗಳ ಅಣಕಗಳು. ಮೂಲಪದ್ಯಗಳನ್ನು ಇಂದು ಬಲ್ಲವರು ವಿರಳ, ಅಣಕಗಳು ಉಳಿದಿವೆ. ನಾ. ಕಸ್ತೂರಿಯವರು ಆ ಹುಡುಗಿಯನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದರು.

ಹಾಗಾದರೆ ಹಿರಿಯನು ಬಾಲ್ಯದ ಪುಸ್ತಕಕ್ಕೆ ಮರಳಿದಾಗ ಅವನಿಗೆ ದೊರೆಯುವುದೇನು? ಬಾಲ್ಯದ ನೆನಪು ಎಂಬ ಉತ್ತರ ಸುಲಭವಾದುದು. ಆದರೆ ಅರ್ಧ ಮಾತ್ರ ನಿಜ. ಕೇವಲ ನೆನಪೇ ಆಗಿದ್ದರೆ ಹಳೆಯ ಶಾಲೆಯ ಗಂಟೆಯೂ ಸಾಕಾಗಿತ್ತು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು, ಕನ್ನಡದಲ್ಲಿ ಎಳೆಯರೂ ಹಿರಿಯರೂ ಒಂದೇ ಪ್ರೀತಿಯಿಂದ ತಮ್ಮದೆನ್ನುವ ಕೃತಿಗಳಲ್ಲಿ ಅದಕ್ಕೆ ಸಮನಾದವು ಹೆಚ್ಚಿಲ್ಲ.

ಇದರ ಮೂಲ ರಾಬರ್ಟ್ ಬ್ರೌನಿಂಗನ ಕಥನಕವನವೆಂಬುದು ಸರ್ವವಿದಿತ. ವಿಲಿಯಂ ಮೆಕ್ರೆಡಿ ಎಂಬ ಪ್ರಸಿದ್ಧ ನಟನ ಮಗ ಕಾಯಿಲೆಯಾಗಿದ್ದಾಗ, ಆ ಹುಡುಗನಿಗೆ ಚಿತ್ರ ಬರೆಯಲು ವಸ್ತು ಬೇಕೆಂದು ಬ್ರೌನಿಂಗ್ ಇದನ್ನು ರಚಿಸಿದನು, 1842ರಲ್ಲಿ ಅಚ್ಚಾಯಿತು. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಐತಿಹ್ಯ ಅದರ ಬೇರು. ಕುವೆಂಪು ಅವರು ವೇಸರ್ ನದಿಯ ದಡದಿಂದ ಕಥೆಯನ್ನು ತುಂಗೆಯ ತೀರಕ್ಕೆ ತಂದರು. ಪಟ್ಟಣದ ಅಧ್ಯಕ್ಷನ ಸ್ಥಾನದಲ್ಲಿ ಊರ ಗೌಡ ಬಂದನು. ಬಣ್ಣದ ಅಂಗಿಯ ಕೊಳಲುಗಾರನ ಸ್ಥಾನದಲ್ಲಿ ನಮ್ಮ ಊರಬೀದಿಗಳಿಗೆ ಪರಿಚಿತನಾದ ಜೋಗಿ ಬಂದನು. ಇಲಿಗಳಿಗೂ ಮನುಷ್ಯರಿಗಿರುವಂತೆ ನಂಟುತನದ ಹೆಸರುಗಳು ಬಂದವು. ಕನ್ನಡದ ಮಗು ಈ ಪದ್ಯದಲ್ಲಿ ಮೊದಲು ಹಿಡಿದುಕೊಳ್ಳುವುದು ಆ ಹೆಸರುಗಳ ಸಾಲನ್ನೇ. ಅರ್ಥ ಆಮೇಲೆ, ಮೊದಲು ನಾಲಗೆಗೆ ಆಟ. ಒಂದನ್ನೊಂದು ತಳ್ಳಿಕೊಂಡು ಓಡುವ ಇಲಿಗಳ ಓಟ ಪದಗಳ ಓಟದಲ್ಲಿಯೇ ಇದೆ. ಇದು ಚಿಕ್ಕ ಗುಣವೆಂದು ಭಾವಿಸುವವರು ಛಂದಸ್ಸಿನ ಪಾಠವನ್ನು ಎಲ್ಲಿಂದ ಆರಂಭಿಸುತ್ತಾರೋ ನಾವು ಅರಿಯೆವು.

ಇಪ್ಪತ್ತು ವರ್ಷಗಳ ಅನಂತರ ಅದೇ ಓದುಗ ತನ್ನ ಮಗುವಿಗೆ ಓದಿ ಹೇಳಲೆಂದು ಪುಸ್ತಕ ತೆರೆದಾಗ, ಇಲಿಗಳ ಸಾಲನ್ನು ದಾಟಿ ಗೌಡನ ಮಾತಿನಲ್ಲಿ ನಿಲ್ಲುತ್ತಾನೆ. ಕೆಲಸವಾಗುವವರೆಗೆ ಒಂದು ಮಾತು, ಆದಮೇಲೆ ಇನ್ನೊಂದು. ಬಾಲ್ಯದಲ್ಲಿ ಗೌಡನು ಬರಿಯ ‘ಕೆಟ್ಟವನು’. ಈಗ ಅವನು ಪರಿಚಿತ. ಅಂಥವರನ್ನು ಅವನು ನೋಡಿದ್ದಾನೆ, ಒಂದೆರಡು ಸಂದರ್ಭಗಳಲ್ಲಿ ತಾನೇ ಹಾಗೆ ನಡೆದುಕೊಂಡಿರಲೂಬಹುದು. ಮಕ್ಕಳು ಜೋಗಿಯ ಹಿಂದೆ ಕುಣಿಯುತ್ತ ಹೊರಟಾಗ, ಹಿಂದೆ ಅವರೊಡನೆ ತಾನೂ ಕುಣಿದು ಹೊರಟಿದ್ದವನು ಈ ಸಲ ಊರಿನಲ್ಲಿ, ತಂದೆತಾಯಿಗಳ ನಡುವೆ, ಉಳಿದುಬಿಡುತ್ತಾನೆ. ಪದ್ಯದಲ್ಲಿ ಒಂದು ಅಕ್ಷರವೂ ಬದಲಾಗಿಲ್ಲ. ಓದುಗನು ನಿಂತ ಜಾಗ ಬದಲಾಗಿದೆ. ಪದ್ಯ ಹಾಗೆಯೇ ಇದ್ದುದರಿಂದಲೇ ತಾನು ಎಷ್ಟು ದೂರ ಬಂದಿದ್ದೇನೆಂಬುದು ಅವನಿಗೆ ಗೋಚರವಾಗುತ್ತದೆ.

ಬ್ರೌನಿಂಗನ ಮೂಲದಲ್ಲಿ ಹಿರಿಯರಿಗೆ ಮಾತ್ರ ಕಾಣುವ ಇನ್ನೊಂದು ಹೆಣಿಗೆ ಇದೆ. ನೀರುಪಾಲಾದ ಇಲಿಗಳಲ್ಲಿ ಒಂದು ಈಜಿ ದಡ ಸೇರಿ, ಕೊಳಲಿನ ದನಿ ತನಗೆ ಏನನ್ನು ತೋರಿಸಿತೆಂದು ವರದಿ ಮಾಡುತ್ತದೆ: ಅದಕ್ಕೆ ಕೇಳಿಸಿದುದು ಉಗ್ರಾಣಗಳ ಬಾಗಿಲು ತೆರೆಯುವ ಸದ್ದು, ತಿಂಡಿತೀರ್ಥಗಳ ರಾಶಿ. ಮಕ್ಕಳಲ್ಲಿಯೂ ಒಬ್ಬ ಹಿಂದುಳಿಯುತ್ತಾನೆ. ಕಾಲು ಕುಂಟಾದುದರಿಂದ ಬೆಟ್ಟದ ಬಾಗಿಲು ಮುಚ್ಚುವ ಮೊದಲು ಅವನಿಂದ ತಲಪಲಾಗಲಿಲ್ಲ. ಅವನಿಗೆ ಕೊಳಲು ತೋರಿಸಿದುದು ತನ್ನ ಕಾಲು ವಾಸಿಯಾಗುವ ಆನಂದದ ನಾಡನ್ನು. ಎಳೆಯ ಓದುಗನಿಗೆ ಈ ಹುಡುಗ ಉಳಿದುಕೊಂಡ ಅದೃಷ್ಟವಂತ. ಆದರೆ ಹುಡುಗನು ತಾನು ಬದುಕಿದೆನೆಂದು ಹಿಗ್ಗುವುದಿಲ್ಲ. ಆ ನಾಡು ತಪ್ಪಿಹೋಯಿತೆಂದು ಜೀವಮಾನವೆಲ್ಲ ಕೊರಗುತ್ತಾನೆ. ಇಲಿಗೆ ತೋರಿದ ಔತಣ ನದಿಯಲ್ಲಿ ಕೊನೆಗೊಂಡುದನ್ನು ಓದುಗ ಬಲ್ಲನು. ಹಾಗಿರುವಾಗ ಹುಡುಗನಿಗೆ ತೋರಿದ ನಾಡು ನಿಜವೆ? ಕವಿ ಉತ್ತರವನ್ನು ಹೇಳಿಲ್ಲ. ಕಾಯಿಲೆಯ ಮಗುವಿನ ಬೇಸರ ಕಳೆಯಲು ಬರೆದ ಪದ್ಯದಲ್ಲಿ ಈ ಪ್ರಶ್ನೆ ತಣ್ಣಗೆ ಕುಳಿತಿದೆ. ಮಗು ಅದನ್ನು ದಾಟಿ ಹೋಗುತ್ತದೆ, ಆದರೆ ಮೋಸಹೋಗುವುದಿಲ್ಲ.

ಈ ಕೊನೆಯ ಮಾತು ಮುಖ್ಯವಾದುದೆಂದು ನಮಗೆ ತೋರುತ್ತದೆ. ಮಕ್ಕಳಿಗೆ ಅರ್ಥವಾಗದುದನ್ನು, ಅವರನ್ನು ನೋಯಿಸುವುದನ್ನು ಕತ್ತರಿಸಿ ಕೊಡುವ ಪದ್ಧತಿ ಹಳೆಯದು. ಗ್ರಿಮ್ ಸಹೋದರರ ಕಥಾಸಂಗ್ರಹ 1812ರಲ್ಲಿ ಹೊರಬಂದಾಗ ವಿದ್ವಾಂಸರಿಗೂ ಉಪಯುಕ್ತವಾಗಲೆಂದು ಟಿಪ್ಪಣಿಗಳನ್ನು ಹೊತ್ತಿತ್ತು. ಮುಂದಿನ ಮುದ್ರಣಗಳಲ್ಲಿ ಕಥೆಗಳು ಮೃದುವಾಗುತ್ತ ಹೋದವು; 1825ರಲ್ಲಿ ಐವತ್ತು ಕಥೆಗಳ ಚಿಕ್ಕ ಆವೃತ್ತಿ ಬಂದಿತು. ಹಸಿವಿನ ದಿನಗಳಲ್ಲಿ ಮಕ್ಕಳನ್ನು ಕಾಡಿಗೆ ಬಿಡಿಸುವ ತಾಯಿ ಆಮೇಲಿನ ಆವೃತ್ತಿಗಳಲ್ಲಿ ಮಲತಾಯಿಯಾದಳು. ಸ್ವಿಫ್ಟನ ‘ಗಲಿವರನ ಪ್ರವಾಸಗಳು’ (1726) ನಾಲ್ಕು ಯಾತ್ರೆಗಳ ಕಟುವಾದ ವಿಡಂಬನೆ. ಮಕ್ಕಳ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೊದಲ ಎರಡು ಮಾತ್ರ. ಕತ್ತರಿಸುವುದೆಲ್ಲ ತಪ್ಪೆಂದು ನಮ್ಮ ವಾದವಲ್ಲ. ಗಲಿವರನ ನಾಲ್ಕನೆಯ ಯಾತ್ರೆಯನ್ನು ಎಂಟು ವರ್ಷದ ಮಗುವಿಗೆ ಕೊಡಬೇಕೆಂದು ಯಾರೂ ಹೇಳರು. ಆದರೆ ಕಿಂದರಿಜೋಗಿಯ ಕೊನೆಯನ್ನು ತಿದ್ದಿ ಮಕ್ಕಳನ್ನೆಲ್ಲ ಮನೆಗೆ ಮರಳಿಸಿದರೆ, ಹಿರಿಯನಾಗಿ ಬಂದ ಓದುಗನಿಗೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದ ಪುಸ್ತಕಗಳೂ ಇವೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಮಕ್ಕಳಿಗೆಂದು ಬರೆದುದಲ್ಲ. ಆದರೂ ಪ್ರೌಢಶಾಲೆಯ ಹುಡುಗರು ಅದನ್ನು ಕೈಯಿಂದ ಕೈಗೆ ದಾಟಿಸಿ ಓದುತ್ತಾರೆ. ಅವರಿಗೆ ಬೇಕಾದುದು ಜೇನು, ನಾಯಿ, ಕಾಡು, ಹಾರುವ ಓತಿಯ ಬೇಟೆ, ಬಿರಿಯಾನಿ ಕರಿಯಪ್ಪ. ಹಿರಿಯ ಓದುಗ ಅದೇ ಪುಸ್ತಕದಲ್ಲಿ ಮಂದಣ್ಣನನ್ನು ನೋಡುತ್ತಾನೆ: ಊರಿಗೆಲ್ಲ ದಡ್ಡನಂತೆ ಕಂಡವನ ಕಣ್ಣಿನಲ್ಲಿ ವಿಜ್ಞಾನಿ ತನಗಿಲ್ಲದ ಸೂಕ್ಷ್ಮವನ್ನು ಗುರುತಿಸಿದುದನ್ನು. ಕೊನೆಗೆ ಓತಿ ಕೈಗೆ ಸಿಗದೆ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಹದಿಮೂರರ ಹುಡುಗನಿಗೆ ಅದು ನಿರಾಸೆ. ಇನ್ನೊಮ್ಮೆ ಓದಿದರೆ ಸಿಕ್ಕೀತೇನೋ ಎಂಬಂತೆ ಮತ್ತೆ ಮೊದಲಿನಿಂದ ಓದುತ್ತಾನೆ. ನಲವತ್ತರವನು ಓದುವುದು ಅದು ಸಿಗಲಿಲ್ಲವೆಂಬುದಕ್ಕಾಗಿಯೇ.

ಈಗ ನಮ್ಮ ತರಗತಿಗೆ ಮರಳಿ ಬರೋಣ. ಶಿಶುಸಾಹಿತ್ಯಕ್ಕೆ ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಬಹುವಾಗಿ ದೊರೆಯುವುದು ಕೊನೆಯ ಕೆಲವು ಪುಟ. ‘ತುತ್ತೂರಿ’ಯ ಜಿ. ಪಿ. ರಾಜರತ್ನಂ ಒಬ್ಬರು, ‘ರತ್ನನ ಪದಗಳು’ ಬರೆದ ರಾಜರತ್ನಂ ಇನ್ನೊಬ್ಬರು ಎಂಬಂತೆ ಪಾಠ ಸಾಗುತ್ತದೆ. ನುಡಿಯ ಲಯವನ್ನು ಮಗುವಿನ ಬಾಯಲ್ಲಿ ಕೇಳಿಸಿಕೊಂಡ ಕಿವಿಯೇ ಕುಡುಕನ ಬಾಯಲ್ಲಿಯೂ ಕೇಳಿಸಿಕೊಂಡಿತೆಂಬುದನ್ನು ಹೇಳುವವರು ಕಡಿಮೆ. ಇದರ ಫಲವನ್ನು ವಿದ್ಯಾರ್ಥಿ ಅನುಭವಿಸುತ್ತಾನೆ. ತಾನು ನಿಜವಾಗಿ ಮೆಚ್ಚಿದುದು ಹೇಳಲು ತಕ್ಕುದಲ್ಲವೆಂದು ಅವನು ಕಲಿಯುತ್ತಾನೆ. ಮೆಚ್ಚದುದನ್ನು ಮೆಚ್ಚಿದೆನೆಂದು ಬರೆದು ಅಂಕ ಪಡೆಯುತ್ತಾನೆ. ವಿಮರ್ಶೆಯ ಮೊದಲ ಹೆಜ್ಜೆ, ನನಗೆ ಇದು ಏಕೆ ಹಿಡಿಸಿತು ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಸುಳ್ಳು ಉತ್ತರದಿಂದ ಆರಂಭಿಸಿದವನಿಗೆ ನಾವು ರಸ, ಧ್ವನಿ, ಔಚಿತ್ಯಗಳನ್ನು ಎಷ್ಟು ಹೇಳಿಕೊಟ್ಟರೂ ಅವು ಪರೀಕ್ಷೆಯ ಮಾತುಗಳಾಗಿಯೇ ಉಳಿಯುತ್ತವೆ.

ಆದುದರಿಂದ, ವರ್ಷದ ಮೊದಲ ವಾರದಲ್ಲಿ ಕೇಳುವ ಆ ಹಳೆಯ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ, ಎರಡು ಸಲಕ್ಕಿಂತ ಹೆಚ್ಚು ಓದಿದ ಪುಸ್ತಕ ಯಾವುದು ಎಂದು ಕೇಳಬಹುದು. ಉತ್ತರ ಬಂದ ಮೇಲೆ ಆ ಪುಸ್ತಕವನ್ನೇ, ಅದು ಎಂಥದೇ ಇರಲಿ, ಇನ್ನೊಮ್ಮೆ ಓದಿಸಬೇಕು. ಮೊದಲ ಸಲ ಎಲ್ಲಿ ನಕ್ಕಿದ್ದೆ, ಈ ಸಲ ಎಲ್ಲಿ ನಿಂತೆ ಎಂದು ಎರಡು ಪುಟ ಬರೆಸಬೇಕು. ಕೆಲವು ಪುಸ್ತಕಗಳು ಈ ಮರು ಓದಿನಲ್ಲಿ ಬರಿದಾಗಿ ಕಂಡಾವು. ಅದನ್ನು ಹಾಗೆಯೇ ಬರೆಯಲು ವಿದ್ಯಾರ್ಥಿಗೆ ಅವಕಾಶವಿರಬೇಕು. ಅಧ್ಯಾಪಕರೂ ಅವನೊಡನೆ ಕುಳಿತು ತಮ್ಮ ಎರಡು ಪುಟಗಳನ್ನು ಬರೆಯುವುದು ಮೇಲು.